ಕೆಲ್ಟಿಕ್ ಭಾಷೆಗಳ ದಿನಬಳಕೆಯ ಪದಗಳು: ಯಾವುದು ಒಡಹುಟ್ಟು, ಯಾವುದು ಕಡ ತಂದದ್ದು?

ಪದಸಂತೆ:
ಆರು ಕೆಲ್ಟಿಕ್ ಭಾಷೆಗಳ ಪದಗಳನ್ನು ಪಕ್ಕಪಕ್ಕ ಇಟ್ಟು ನೋಡುವವರಿಗಾಗಿ ಈ ಎಳೆ. ಐರಿಶ್, ಸ್ಕಾಟಿಷ್ ಗೇಲಿಕ್ (ಕೆಳಗೆ ಬರೀ ಗೇಲಿಕ್), ಐಲ್ ಆಫ್ ಮ್ಯಾನ್ ದ್ವೀಪದ ಮ್ಯಾಂಕ್ಸ್ ಒಂದು ಕವಲು. ವೇಲ್ಸಿನ ವೆಲ್ಷ್, ಇಂಗ್ಲೆಂಡಿನ ನೈಋತ್ಯ ತುದಿಯ ಕಾರ್ನ್‌ವಾಲ್‌ನ ಕಾರ್ನಿಷ್, ಬ್ರೆಟನ್ ಇನ್ನೊಂದು ಕವಲು. ಬ್ರೆಟನ್ ಈಗ ಫ್ರಾನ್ಸಿನಲ್ಲಿದ್ದರೂ ಬ್ರಿಟನ್ನಿನಿಂದ ಕಡಲು ದಾಟಿ ಹೋದ ಭಾಷೆ. ಅದಕ್ಕೇ ಕಾರ್ನಿಷ್‌ಗೆ ಅಷ್ಟು ಹತ್ತಿರ.

ಎರಡು ಕವಲುಗಳನ್ನು ಬೇರ್ಪಡಿಸುವ ಗುರುತು ಒಂದೇ ಅಕ್ಷರದಲ್ಲಿದೆ. ಮೂಲದ 'ಕ್ವ' ಧ್ವನಿ ಮೊದಲ ಕವಲಿನಲ್ಲಿ 'ಕ' ಆಯಿತು, ಎರಡನೆಯದರಲ್ಲಿ 'ಪ' ಆಯಿತು.

ತಲೆ: ಐರಿಶ್ ಕ್ಯಾನ್, ಮ್ಯಾಂಕ್ಸ್ ಕ್ಯೋನ್ / ವೆಲ್ಷ್, ಕಾರ್ನಿಷ್, ಬ್ರೆಟನ್ ಮೂರರಲ್ಲೂ ಪೆನ್
ಯಾರು: ಐರಿಶ್ ಕೇ / ವೆಲ್ಷ್ ಪುಯ್
ನಾಲ್ಕು: ಐರಿಶ್ ಕ್ಯಾಹಿರ್ / ವೆಲ್ಷ್ ಪೆದ್ವರ್, ಕಾರ್ನಿಷ್ ಪೆಸ್ವರ್, ಬ್ರೆಟನ್ ಪೇವರ್
ಐದು: ಐರಿಶ್ ಕೂಗ್, ಗೇಲಿಕ್ ಕೋಗ್, ಮ್ಯಾಂಕ್ಸ್ ಕ್ವೇಗ್ / ವೆಲ್ಷ್, ಕಾರ್ನಿಷ್ ಪಿಂಪ್, ಬ್ರೆಟನ್ ಪೆಂಪ್
ಹುಳ: ಐರಿಶ್ ಕ್ರಿವ್ / ವೆಲ್ಷ್ ಪ್ರೀವ್

ಕೊನೆಯದನ್ನು ಸಂಸ್ಕೃತದ 'ಕ್ರಿಮಿ'ಯ ಪಕ್ಕ ಇಟ್ಟು ನೋಡಿ. ಮಗನಿಗೆ ಐರಿಶ್‌ನಲ್ಲಿ ಮಾಕ್, ವೆಲ್ಷ್‌ನಲ್ಲಿ ಮಾಬ್. ಇದು ಪದದ ಕೊನೆಯಲ್ಲಿ ಬರುವುದರಿಂದ ಬೇರೆ ಥರ ಕಾಣುತ್ತದೆ, ಅದನ್ನು ಮೊದಲ ಪಟ್ಟಿಗೆ ಸೇರಿಸದೆ ಪಕ್ಕಕ್ಕಿಡಿ.

ಬರಹದ ಬಗ್ಗೆ: ಗಂಟಲಲ್ಲಿ ಉಜ್ಜಿ ಬರುವ ಧ್ವನಿಗೆ 'ಖ', ನಾಲಗೆ ಹಲ್ಲಿನ ನಡುವಿನಿಂದ ಬರುವ ಉಸಿರಿಗೆ 'ಥ', ವೆಲ್ಷ್‌ನ ಪಕ್ಕಕ್ಕೆ ಉಸಿರು ಬಿಡುವ ಲಕಾರಕ್ಕೆ 'ಲ್ಹ' ಬಳಸಿದ್ದೇನೆ. ಉಚ್ಚಾರ ಊರಿಂದ ಊರಿಗೆ ಬದಲಾಗುತ್ತದೆ, ಇವು ಹತ್ತಿರದ ರೂಪಗಳು ಅಷ್ಟೆ.

ಮುಂಗಾರುಕೊಡೆ:
ಹಾಗಿದ್ದರೆ ಮೀನು? ಐರಿಶ್‌ನಲ್ಲಿ ಈಅಸ್ಕ್, ಬ್ರೆಟನ್‌ನಲ್ಲಿ ಪೆಸ್ಕ್. ಪ ಇದೆ, ಆದರೆ ಎದುರಿಗೆ ಕ ಇರಬೇಕಾದ ಕಡೆ ಏನೂ ಇಲ್ಲ. ನಿಯಮ ಇಲ್ಲಿ ಕೈಕೊಟ್ಟಿತಲ್ಲ ಸಾರ್?

ಪದಸಂತೆ:
ನಿಯಮ ಕೈಕೊಟ್ಟಿಲ್ಲ, ಇನ್ನೊಂದು ಹಳೆಯ ನಿಯಮ ಕೆಲಸ ಮಾಡಿದೆ. ಕೆಲ್ಟಿಕ್ ಭಾಷೆಗಳು ಎರಡಾಗಿ ಒಡೆಯುವ ಮೊದಲೇ ಮೂಲದ 'ಪ' ಉದುರಿಹೋಗಿತ್ತು. ಸಂಸ್ಕೃತದ ಪಿತೃ, ಐರಿಶ್‌ನ ಆಹಿರ್. ಸಂಸ್ಕೃತದ ಪೂರ್ಣ, ಐರಿಶ್‌ನ ಲಾನ್, ವೆಲ್ಷ್‌ನ ಲ್ಹೌನ್. ಎರಡೂ ಕಡೆ ತುಟಿ ಸೇರುವುದೇ ಇಲ್ಲ. ಈಅಸ್ಕ್ ಕೂಡ ಅದೇ ಸಾಲಿನದು: ಲ್ಯಾಟಿನ್ನಿನ 'ಪಿಸ್ಕಿಸ್'ಗೆ ಸೋದರ, ಪ ಕಳೆದುಕೊಂಡದ್ದು. ಪೆಸ್ಕ್, ಕಾರ್ನಿಷ್‌ನ ಪಿಸ್ಕ್, ವೆಲ್ಷ್‌ನ ಪಸ್ಗೋದ್ ಮೂರೂ ರೋಮನ್ನರ ಕಾಲದಲ್ಲಿ ಲ್ಯಾಟಿನ್ನಿನಿಂದಲೇ ತಂದುಕೊಂಡವು, ಹಾಗಾಗಿ ಪ ಉಳಿದಿದೆ. ನೋಡಲು ಜೋಡಿ, ಬಂದ ದಾರಿ ಬೇರೆ.

ಐದರ ಸಂಖ್ಯೆಗೆ ಮಾತ್ರ ಒಂದು ವಿಶೇಷ ಇದೆ. ಪಂಚ ಎಂಬಲ್ಲಿನ ಮೊದಲ ಪ ಉದುರಬೇಕಿತ್ತು. ಆದರೆ ಅದೇ ಪದದಲ್ಲಿ ಮುಂದೆ ಕ್ವ ಇದ್ದುದರಿಂದ ಮೊದಲ ಪ ಕೂಡ ಕ್ವ ಆಗಿ ಬದುಕಿಕೊಂಡಿತು. ಆಮೇಲೆ ವೆಲ್ಷ್‌ನಲ್ಲಿ ಎರಡೂ ಕ್ವಗಳು ಪ ಆದವು, ಪಿಂಪ್. ಅಡುಗೆಮನೆಯ ಪದಕ್ಕೂ ಇದೇ ಗತಿ: ಸಂಸ್ಕೃತದ 'ಪಚ್' (ಪಾಕ, ಪಚನ), ವೆಲ್ಷ್‌ನ 'ಪೋಬಿ' ಎಂದರೆ ಒಲೆಯಲ್ಲಿ ಬೇಯಿಸು. ಪೋಬಿಗೆ ಮನೆ ಎಂಬ 'ತೀ' ಸೇರಿಸಿ 'ಪೋಪ್ತಿ', ಅಂದರೆ ಅವನ್. ಇದು ಉತ್ತರ ವೇಲ್ಸಿನ ಮಾತು, ದಕ್ಷಿಣದಲ್ಲಿ 'ಫುರ್ನ್' ಎನ್ನುತ್ತಾರೆ. ಮೈಕ್ರೋವೇವಿಗೆ ತಮಾಷೆಯ ಹೆಸರು 'ಪೋಪ್ತಿ ಪಿಂಗ್'. ನಿಘಂಟಿನ ಪದ ಬೇರೆಯೇ ಇದೆ, 'ಮೈಕ್ರೊದೊನ್'. ತಮಾಷೆಯನ್ನು ನಿಜದ ಪದ ಎಂದು ಪಟ್ಟಿಯಲ್ಲಿ ಹಾಕಿದವರೂ ಇದ್ದಾರೆ.

ಬೆಳ್ವೊಲ:
ಕಡ ತಂದ ಪದ ಪತ್ತೆಹಚ್ಚಲು ಒಂದು ಒರೆಗಲ್ಲು. ಹಳೆ ಐರಿಶ್ ಮಾತಾಡುವವರ ಬಾಯಲ್ಲಿ ಪ ಇರಲೇ ಇಲ್ಲ. ಲ್ಯಾಟಿನ್ ಪದದ ಪ ಅವರಿಗೆ ಕ ಆಗಿ ಕೇಳಿತು, ಅಥವಾ ವೆಲ್ಷ್ ಬಾಯಿಂದ ಕೇಳಿದ ಪವನ್ನು ಅವರೇ ಕ ಮಾಡಿಕೊಂಡರು. ಈಸ್ಟರ್ ಹಬ್ಬ ವೆಲ್ಷ್‌ನಲ್ಲಿ ಪಾಸ್ಗ್, ಐರಿಶ್‌ನಲ್ಲಿ ಕಾಶ್ಕ್. ಕೆನ್ನೀಲಿ ಬಣ್ಣ ಲ್ಯಾಟಿನ್ನಿನಲ್ಲಿ ಪುರ್ಪುರಾ, ಐರಿಶ್‌ನಲ್ಲಿ ಕೊರ್ಕ್ರ. ಮಕ್ಕಳು ಎಂಬ ಅರ್ಥದ ವೆಲ್ಷ್ 'ಪ್ಲಾಂತ್' ಲ್ಯಾಟಿನ್ನಿನ 'ಪ್ಲಾಂಟಾ', ಸಸಿ. ಅದೇ ಐರಿಶ್‌ಗೆ ಹೋಗಿ 'ಕ್ಲಾನ್', ಇಂಗ್ಲಿಷಿನಲ್ಲಿ ಈಗ ಕುಲ ಎಂಬ ಅರ್ಥ. ಪ-ಕ ಜೋಡಿ ಚೆನ್ನಾಗಿ ಕೂತಿದೆ ಅಂತ ಇದನ್ನು ಮೂಲಪದದ ಪಟ್ಟಿಗೆ ಹಾಕಬೇಡಿ. ಸಂತ ಪ್ಯಾಟ್ರಿಕನ ಹೆಸರೂ ಐರಿಶ್‌ನಲ್ಲಿ ಮೊದಲು 'ಕ'ದಿಂದಲೇ ಶುರುವಾಗುತ್ತಿತ್ತು. ಪಾದ್ರಿಗ್ ಎಂಬುದು ಪ ಅಭ್ಯಾಸವಾದ ಮೇಲಿನ ರೂಪ.

ತಿರುಗಿಸಿ ನೋಡಿದರೆ, ಎರಡೂ ಕವಲಿನಲ್ಲಿ ಕ ಇದ್ದರೆ? ಚೀಸ್: ಐರಿಶ್ ಕಾಶ್, ವೆಲ್ಷ್ ಕೌಸ್. ಎರಡೂ ಲ್ಯಾಟಿನ್ನಿನ 'ಕಾಸೆಉಸ್'. ಬೆಕ್ಕು: ಐರಿಶ್ ಕಾತ್, ವೆಲ್ಷ್ ಕಾಥ್, ಬ್ರೆಟನ್ ಕಾಸ್, ಇದೂ ಕಡದ್ದೇ. ಆದರೆ ಎರಡೂ ಕಡೆ ಕ ಇದ್ದ ಮಾತ್ರಕ್ಕೆ ಕಡ ಎಂದು ತೀರ್ಮಾನಿಸಲು ಆಗುವುದಿಲ್ಲ. ನಾಯಿ ಹಳೆ ಐರಿಶ್‌ನಲ್ಲಿ ಕೂ, ವೆಲ್ಷ್‌ನಲ್ಲಿ ಕೀ, ಅಪ್ಪಟ ಮೂಲಪದ, ಸಂಸ್ಕೃತದ 'ಶ್ವಾನ'ಕ್ಕೆ ನೆಂಟ. ಕೆಲ್ಟಿಕ್ ಮೂಲದಲ್ಲಿ ಅಲ್ಲಿದ್ದದ್ದು ಬರೀ ಕ, ಕ್ವ ಅಲ್ಲ.

ತೆಂಕಣಗಾಳಿ:
ನಮ್ಮ ಹಾಲು, ಹಲ್ಲು, ಹುಲಿ ಹಳಗನ್ನಡದಲ್ಲಿ ಪಾಲ್, ಪಲ್, ಪುಲಿ ಆಗಿದ್ದವಲ್ಲ, ಅಂಥದ್ದೇ ಒಂದು ಹಕಾರ ವೆಲ್ಷ್‌ನಲ್ಲೂ ಇದೆ. ಅಲ್ಲಿ ಹ ಆದದ್ದು ಸಕಾರ. ಹಳೆಯದು: ಐರಿಶ್ ಶಾನ್, ವೆಲ್ಷ್ ಹೇನ್. ಬೇಸಿಗೆ: ಐರಿಶ್ ಸೌರಾ, ವೆಲ್ಷ್ ಹಾವ್. ಉಪ್ಪು: ಐರಿಶ್ ಸಾಲನ್, ವೆಲ್ಷ್ ಹಾಲೆನ್. ಹಾಲೆನ್ ಅಂದರೆ ಉಪ್ಪು, ಹಾವ್ ಅಂದರೆ ಬೇಸಿಗೆ, ಕನ್ನಡಿಗರಿಗೆ ನೆನಪಿಡಲು ಇದಕ್ಕಿಂತ ಸುಲಭ ಬೇಕೆ!

ಸೂರ್ಯನ ಕಥೆ ಎಲ್ಲಕ್ಕಿಂತ ಚಂದ. ವೆಲ್ಷ್‌ನಲ್ಲಿ ಸೂರ್ಯ 'ಹಾಯ್ಲ್', ಬ್ರೆಟನ್‌ನಲ್ಲಿ 'ಹೆಓಲ್'. ಅದೇ ಬೇರಿನ ಪದ ಐರಿಶ್‌ನಲ್ಲಿ 'ಸೂಲ್', ಆದರೆ ಅರ್ಥ ಕಣ್ಣು. ಐರಿಶ್ ಸೂರ್ಯನಿಗೆ 'ಗ್ರಿಅನ್' ಎಂಬ ಬೇರೆ ಪದ. ಇನ್ನು ವೆಲ್ಷ್ ಭಾನುವಾರ 'ದೀದ್ ಸೀಲ್'. ಈ ಸೀಲ್ ಲ್ಯಾಟಿನ್ನಿನ 'ಸೋಲ್', ಮತ್ತೆ ಸೂರ್ಯನೇ. ಒಂದೇ ಭಾಷೆಯಲ್ಲಿ ಒಂದೇ ಬೇರಿನ ಎರಡು ಪದ: ಮನೆಯಲ್ಲೇ ಬೆಳೆದದ್ದು ಹಕಾರಕ್ಕೆ ತಿರುಗಿತು, ಹೊರಗಿಂದ ಬಂದದ್ದು ಸಕಾರ ಉಳಿಸಿಕೊಂಡಿತು. ಸೆವರ್ನ್ ನದಿ ರೋಮನ್ನರ ಬರಹದಲ್ಲಿ ಸಬ್ರಿನಾ, ವೆಲ್ಷ್‌ನಲ್ಲಿ ಹಾವ್ರೆನ್. ನಿಯಮ ಮುರಿದ ಪದವೂ ಒಂದಿದೆ: ಏಳು ವೆಲ್ಷ್‌ನಲ್ಲಿ ಸಾಯ್ಥ್, ಹಾಯ್ಥ್ ಅಲ್ಲ.

ಇದರ ಜೊತೆಗೆ ಮೂರನೆಯ ಹೊಂದಿಕೆ: ಮೂಲದ ವಕಾರ ಐರಿಶ್‌ನಲ್ಲಿ ಫ, ವೆಲ್ಷ್‌ನಲ್ಲಿ ಗ್ವ. ಗಂಡಸು ಫ್ಯಾರ್ / ಗೂರ್ (ಸಂಸ್ಕೃತದ ವೀರ), ನಿಜ ಫೀರ್ / ಗ್ವೀರ್, ವೈನ್ ಫೀನ್ / ಗ್ವೀನ್. ವೈನ್ ಲ್ಯಾಟಿನ್ನಿನಿಂದ ಬಂದರೂ ಈ ಬದಲಾವಣೆಗೆ ಮೊದಲೇ ಬಂದುಬಿಟ್ಟಿತ್ತು. ಕಡದ ಪದವೂ ನಿಯಮ ಪಾಲಿಸಬಹುದು, ಬಂದ ಕಾಲ ನೋಡಬೇಕು.

ಮುಂಗಾರುಕೊಡೆ:
ವೆಲ್ಷ್‌ನಲ್ಲಿ ಅಪ್ಪ 'ತಾದ್'. ನಮ್ಮ ತಂದೆ, ತಾತ! ಏನಾದರೂ ಇರಬಹುದಾ?

ಬೆಳ್ವೊಲ:
ಇಲ್ಲ. ಮಾಮ್, ತಾದ್ ಎಲ್ಲ ಮಗುವಿನ ತೊದಲು. ಜಗತ್ತಿನ ಯಾವ ಮೂಲೆಯಲ್ಲಾದರೂ ಸಿಗುತ್ತದೆ. ಕನ್ನಡ ದ್ರಾವಿಡ ಭಾಷೆ, ಇಲ್ಲಿ ನೆಂಟಸ್ತಿಕೆ ಇರುವುದು ಸಂಸ್ಕೃತಕ್ಕೆ. ಪಂಚ, ಕ್ರಿಮಿ, ಪೂರ್ಣ ನಮಗೆ ಗೊತ್ತಿರುವುದು ಅವನ್ನು ನಾವೂ ಕಡ ತಂದಿರುವುದರಿಂದ. 1786ರಲ್ಲಿ ಕಲ್ಕತ್ತೆಯಲ್ಲಿ ವಿಲಿಯಂ ಜೋನ್ಸ್ ಮಾಡಿದ ಭಾಷಣದಲ್ಲಿ ಸಂಸ್ಕೃತ, ಗ್ರೀಕ್, ಲ್ಯಾಟಿನ್ ಜೊತೆ ಕೆಲ್ಟಿಕ್ ಹೆಸರೂ ಬಂದಿತ್ತು. ಕನ್ನಡ ನಮಗೆ ಉಪಯೋಗಕ್ಕೆ ಬರುವುದು ಹೋಲಿಕೆಗೆ ಮಾತ್ರ, ಸಾಕ್ಷಿಗೆ ಅಲ್ಲ.

ಲಿಪಿಕಾರ:
ಹೋಲಿಕೆ ಅಂದಿರಲ್ಲ, ಅತ್ಯಂತ ಉಪಯೋಗದ ಹೋಲಿಕೆ ಆದೇಶ ಸಂಧಿ. ಮಳೆ + ಕಾಲ = ಮಳೆಗಾಲ, ಬೆಟ್ಟ + ತಾವರೆ = ಬೆಟ್ಟದಾವರೆ, ಕಣ್ + ಪನಿ = ಕಂಬನಿ. ಕ-ತ-ಪಗಳಿಗೆ ಗ-ದ-ಬ. ಮೆಲ್ + ಮಾತು = ಮೆಲ್ವಾತು, ಕಡು + ಬೆಳ್ಪು = ಕಡುವೆಳ್ಪು, ಅಂದರೆ ಬ-ಮಗಳಿಗೆ ವ. ವೆಲ್ಷ್‌ನ ಮೃದು ಮಾರ್ಪಾಟೂ ಅಕ್ಷರಶಃ ಇದೇ: ಕ→ಗ, ತ→ದ, ಪ→ಬ, ಬ→ವ, ಮ→ವ. ಬೆಕ್ಕು ಕಾಥ್, ಆ ಬೆಕ್ಕು 'ಅ ಗಾಥ್'. ಬ್ರೆಡ್ಡು ಬಾರಾ, ಅವನ ಬ್ರೆಡ್ಡು 'ಇ ವಾರಾ'. ತಾಯಿ ಮಾಮ್, ಅವನ ತಾಯಿ 'ಇ ವಾಮ್'. ಕೊನೆಯಲ್ಲಿ ಗ ಪೂರ್ತಿ ಮಾಯ: ತೋಟ 'ಗಾರ್ದ್', ಆ ತೋಟ 'ಅರ್ ಆರ್ದ್'.

ವ್ಯತ್ಯಾಸ ಏನೆಂದರೆ, ನಮ್ಮಲ್ಲಿ ಎರಡು ಪದ ಬೆಸೆದಾಗ ಆಗುತ್ತದೆ. ಅಲ್ಲಿ ಪದಗಳು ಬೇರೆಯಾಗಿಯೇ ಇದ್ದು, ಹಿಂದಿನ ಪದ ಯಾವುದು ಎನ್ನುವುದರ ಮೇಲೆ ಆಗುತ್ತದೆ. ಅದೂ ಒಂದೇ ಥರ ಅಲ್ಲ. ತಲೆ ಪೆನ್: ಅವನ ತಲೆ 'ಇ ಬೆನ್', ಅವಳ ತಲೆ 'ಇ ಫೆನ್', ನನ್ನ ತಲೆ 'ವ ಮ್ಹೆನ್'. ಅವನ, ಅವಳ ಎಂಬ ಪದ ಕಿವಿಗೆ ಒಂದೇ, ತಲೆಯ ಮೊದಲಕ್ಷರವೇ ಯಾರ ತಲೆ ಎಂದು ಹೇಳಬೇಕು. ಐರಿಶ್‌ನಲ್ಲೂ ಹಾಗೇ, ಆದರೆ ಹಂಚಿಕೆ ಬೇರೆ: ಅವಳ ತಲೆಗೆ ಬದಲಾವಣೆಯೇ ಇಲ್ಲ (ಅ ಕ್ಯಾನ್), ಅವನ ತಲೆಗೆ ಕ ಖ ಆಗುತ್ತದೆ, ಅವರ ತಲೆಗೆ ಗ ಆಗುತ್ತದೆ (ಅ ಗ್ಯಾನ್). ಬ್ರೆಟನ್ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ತಿರುವುಮುರುವು ಮಾಡುತ್ತದೆ: ಅಣ್ಣ ಅಥವಾ ತಮ್ಮ 'ಬ್ರ್ಯೋರ್', ನಿಮ್ಮ ತಮ್ಮ 'ಹೊ ಪ್ರ್ಯೋರ್'. ಮೃದು ಅಕ್ಷರ ಗಟ್ಟಿ ಆಯಿತು.

ಪಟ್ಟಿ ಹಾಳಾಗುವುದು ಮುಖ್ಯವಾಗಿ ಇಲ್ಲೇ. ಫಲಕದಿಂದಲೋ ಹಾಡಿನಿಂದಲೋ ಎತ್ತಿದ ಪದ ಮಾರ್ಪಾಟಾದ ರೂಪದಲ್ಲಿರುತ್ತದೆ, ನಿಘಂಟಿನಲ್ಲಿ ಸಿಗುವುದಿಲ್ಲ, ಅಥವಾ ಇನ್ನೇನೋ ಪದ ಸಿಗುತ್ತದೆ. ವೇಲ್ಸಿನ ಗಡಿಯಲ್ಲಿ 'ಕ್ರೋಯ್ಸೊ ಇ ಗಮ್ರಿ' ಎಂದು ಸ್ವಾಗತ ಫಲಕ ಇರುತ್ತದೆ. ಗಮ್ರಿ ಎಂದು ಹುಡುಕಿದರೆ ಸಿಗದು, ದೇಶದ ಹೆಸರು ಕಮ್ರಿ. ಹಿಂದಕ್ಕೆ ಕರೆದೊಯ್ಯುವ ದಾರಿ ಹೀಗೆ. ಮೊದಲಕ್ಷರ ಗ, ದ, ಬ ಇದ್ದರೆ ಇದ್ದಂತೆ ನೋಡಿ, ಸಿಗದಿದ್ದರೆ ಕ, ತ, ಪ ಹಾಕಿ ನೋಡಿ. ವ ಇದ್ದರೆ ಮೊದಲು ಬ, ಆಮೇಲೆ ಮ. ಸ್ವರದಿಂದ, ಲಕಾರದಿಂದ, ರಕಾರದಿಂದ ಶುರುವಾಗಿ ಸಿಗದಿದ್ದರೆ ಮುಂದೆ ಒಂದು ಗ ಸೇರಿಸಿ. ಮ್ಹ, ನ್ಹ, ಙ್ಹ ಇದ್ದರೆ ಕ್ರಮವಾಗಿ ಪ, ತ, ಕ. ಐರಿಶ್ ಈ ವಿಷಯದಲ್ಲಿ ದಯಾಳು. ಮಾರ್ಪಾಟಿನ ಅಕ್ಷರವನ್ನು ಮೂಲಾಕ್ಷರದ ಮುಂದೆ ಹೆಚ್ಚುವರಿಯಾಗಿ ಬರೆಯುತ್ತಾರೆ, ಇಲ್ಲವೇ ಪಕ್ಕದಲ್ಲಿ ಹ ಇಡುತ್ತಾರೆ. ಮೂಲಾಕ್ಷರ ಕಣ್ಣಿಗೆ ಕಾಣುತ್ತಲೇ ಇರುತ್ತದೆ.

ಪದಸಂತೆ:
ಲಿಪಿಕಾರ ಅವರೇ, 'ನೀರುನಾಯಿ'ಯನ್ನು ಇದಕ್ಕೆ ಸೇರಿಸಿ. ನೀರು ವೆಲ್ಷ್‌ನಲ್ಲಿ ದೂರ್, ಬ್ರೆಟನ್‌ನಲ್ಲಿ ದೂರ್, ಕಾರ್ನಿಷ್‌ನಲ್ಲಿ ದೌರ್. ಐರಿಶ್‌ನಲ್ಲಿ ಇಶ್ಕೆ, ಗೇಲಿಕ್‌ನಲ್ಲಿ ಉಶ್ಕೆ, ಮ್ಯಾಂಕ್ಸ್‌ನಲ್ಲಿ ಉಶ್ತೆ. ವಿಸ್ಕಿ ಎಂಬ ಪದ ಬಂದದ್ದು ಈ ಸಾಲಿನಿಂದ, ಪೂರ್ತಿ ಹೆಸರಿನ ಅರ್ಥ ಜೀವಜಲ. ಎರಡು ಕವಲಿಗೂ ಸಂಬಂಧವೇ ಇಲ್ಲ ಎನಿಸುತ್ತದೆ. ಆದರೆ ವೆಲ್ಷ್‌ನಲ್ಲಿ ನೀರುನಾಯಿ 'ದವರ್ಗಿ', ಅಂದರೆ ನೀರು + ನಾಯಿ, ಕೀ ಹೋಗಿ ಗಿ ಆಗಿದೆ, ಮಳೆಗಾಲದ ಹಾಗೆ. ಐರಿಶ್‌ನಲ್ಲಿ 'ದೋವರ್‌ಖೂ', ಅದೂ ನೀರು + ನಾಯಿ. ಬಿಡಿಯಾಗಿ ಬಳಕೆ ತಪ್ಪಿದ ನೀರಿನ ಹಳೆ ಪದ ಪ್ರಾಣಿಯ ಹೆಸರಿನೊಳಗೆ ಉಳಿದಿದೆ. ಇವತ್ತಿನ ಐರಿಶ್‌ನಲ್ಲಿ ಸಾಮಾನ್ಯ ನಾಯಿ 'ಮಾದ್ರ', ಮ್ಯಾಂಕ್ಸ್‌ನಲ್ಲಿ 'ಮೊದೆ'. ಗೇಲಿಕ್‌ನಲ್ಲಿ ಮಾತ್ರ 'ಕೂ' ಈಗಲೂ ದಿನಬಳಕೆ. ಒಂದು ಅರ್ಥಕ್ಕೆ ಒಂದೇ ಪದದ ಕಾಲಂ ಮಾಡಿದರೆ ಇಂಥ ನೆಂಟರೆಲ್ಲ ಜಾರಿಹೋಗುತ್ತಾರೆ. 'ಇಂದಿನ ಪದ' ಒಂದು ಕಾಲಂ, 'ಸಂಯುಕ್ತದಲ್ಲಿ ಉಳಿದ ಹಳೆಯದು' ಇನ್ನೊಂದು ಕಾಲಂ ಇರಲಿ.

ತೆಂಕಣಗಾಳಿ:
ಬಣ್ಣಗಳಿಗೆ ಒಂದು ಕಾಲಂ ಸಾಲುವುದೇ ಇಲ್ಲ. 'ಗ್ಲಾಸ್' ಎಂಬ ಒಂದೇ ಪದ ಎರಡೂ ಕವಲಿನಲ್ಲಿದೆ. ವೆಲ್ಷ್‌ನಲ್ಲಿ ಇವತ್ತು ಅದು ನೀಲಿ. ಐರಿಶ್‌ನಲ್ಲಿ ಎಲೆ, ಹುಲ್ಲಿಗಾದರೆ ಹಸಿರು, ಕುರಿಗಾದರೆ ಬೂದು. ಬ್ರೆಟನ್‌ನಲ್ಲಿ ಆಕಾಶದ ನೀಲಿಗೂ ಗಿಡದ ಹಸಿರಿಗೂ ಬರುತ್ತದೆ. ವೆಲ್ಷ್ ಕೂಡ ಹಿಂದೆ ಹಾಗೇ ಇತ್ತು, ಹುಲ್ಲಿಗೆ ಈಗಲೂ 'ಗ್ಲಾಸ್‌ವೆಲ್ಹ್ತ್' ಎನ್ನುತ್ತಾರೆ. ಲ್ಯಾಟಿನ್ನಿನಿಂದ 'ಗ್ವಿರ್ದ್' ಬಂದು ಹಸಿರಿನ ಜಾಗ ಹಿಡಿದ ಮೇಲೆ ಗ್ಲಾಸ್ ನೀಲಿಗೆ ಸರಿಯಿತು. ಐರಿಶ್ ನೀಲಿ 'ಗೊರಮ್', ಅದೇ ಗೊರಮ್ ಸ್ಕಾಟಿಷ್ ಗೇಲಿಕ್‌ನಲ್ಲಿ ಸೊಂಪಾದ ಹುಲ್ಲಿಗೂ ಆಗುತ್ತದೆ.

ಕೆಂಪಿಗೂ ಹೀಗೇ. ಐರಿಶ್‌ನಲ್ಲಿ ರಕ್ತ, ಬಣ್ಣದ ಡಬ್ಬಿಗೆ 'ಜರಗ್', ಕೂದಲಿಗೆ, ನರಿಗೆ 'ರೂಅ'. ನರಿಯ ಹೆಸರೇ 'ಮಾದ್ರ ರೂಅ', ಕೆಂಚನಾಯಿ. ವೆಲ್ಷ್‌ನಲ್ಲಿ ಎರಡಕ್ಕೂ 'ಕೋಖ್', ಕಂದು ಸಕ್ಕರೆಗೂ ಅದೇ. ಆದರೆ ಕಂದು ಬಣ್ಣದ ಪೊಟ್ಟಣದ ಕಾಗದ ಮಾತ್ರ ಬೂದು ಕಾಗದ! ಬಣ್ಣದ ಹೆಸರು ಕೇಳಿ ಪಟ್ಟಿ ಮಾಡಬೇಡಿ. ಆಕಾಶ, ಹುಲ್ಲು, ಕುರಿ ಉಣ್ಣೆ, ನರಿ, ರಕ್ತ, ತಲೆಗೂದಲು ಎಂದು ವಸ್ತು ಹಿಡಿದು ಕೇಳಿ.

ಬೆಳ್ವೊಲ:
ವಾರದ ಹೆಸರು ನಮಗೆ ಬಲು ಸುಲಭ, ಯಾಕೆಂದರೆ ವೆಲ್ಷ್‌ನವೂ ನಮ್ಮ ಗ್ರಹಗಳೇ. ಲ್ಹೀನ್ ಚಂದ್ರ (ಸೋಮ), ಮೌರ್ಥ್ ಮಂಗಳ, ಮೆರ್ಖೆರ್ ಬುಧ, ಯಾಯ್ ಗುರು, ಗ್ವೆನೆರ್ ಶುಕ್ರ, ಸಾದುರ್ನ್ ಶನಿ, ಸೀಲ್ ಭಾನು. ಬ್ರೆಟನ್, ಕಾರ್ನಿಷ್ ಕೂಡ ಇದೇ ಸಾಲು. ಐರಿಶ್ ಅರ್ಧ ದಾರಿಗೆ ಕೈಬಿಡುತ್ತದೆ: ಸೋಮ, ಮಂಗಳ, ಶನಿ ಗ್ರಹದವು. ಬುಧವಾರ 'ದೇ ಕೇದೀನ್' ಎಂದರೆ ಮೊದಲ ಉಪವಾಸ, ಶುಕ್ರವಾರ 'ದೇ ಹೀನೆ' ಉಪವಾಸ, ನಡುವಿನ ಗುರುವಾರ 'ದೇರ್ದೀನ್' ಎರಡು ಉಪವಾಸಗಳ ನಡುವಿನ ದಿನ. ಕ್ರೈಸ್ತ ಮಠಗಳ ಪಂಚಾಂಗ ಇದು. ಭಾನುವಾರ ಒಡೆಯನ ದಿನ.

ಲಿಪಿಕಾರ:
ಸಂಖ್ಯೆಗಳನ್ನು ಒಂದರಿಂದ ಹತ್ತರವರೆಗೆ ಬರೆದು ಬಿಟ್ಟರೆ ಮುಗಿಯಿತು ಅಂದುಕೊಳ್ಳುತ್ತಾರೆ. ವೆಲ್ಷ್‌ನಲ್ಲಿ ಎರಡು, ಮೂರು, ನಾಲ್ಕಕ್ಕೆ ಲಿಂಗಭೇದ ಇದೆ: ದಾಯ್/ದುಯ್, ತ್ರೀ/ತಾಯ್ರ್, ಪೆದ್ವರ್/ಪೆದಾಯ್ರ್. ಸಂಸ್ಕೃತದ ತ್ರಯಃ/ತಿಸ್ರಃ, ಚತ್ವಾರಃ/ಚತಸ್ರಃ ಕಲಿತವರಿಗೆ ಇದು ಹಳೆಯ ಪರಿಚಯ, ಬೇರೂ ಅದೇ. ಇನ್ನು ಸಂಖ್ಯೆಯ ಮುಂದೆ ನಾಮಪದ ಏಕವಚನ, 'ಮೂರು ನಾಯಿ', 'ಐದು ರೂಪಾಯಿ' ಎಂದ ಹಾಗೆ. ಬಿಡಿಯಾಗಿ ಪಿಂಪ್, ನಾಮಪದದ ಹಿಂದೆ 'ಪಿಮ್'.

ಹತ್ತರ ಮೇಲೆ ಎರಡು ಪದ್ಧತಿ. ಶಾಲೆಯಲ್ಲಿ, ಲೆಕ್ಕದಲ್ಲಿ ಹತ್ತರ ಪದ್ಧತಿ. ಗಡಿಯಾರಕ್ಕೆ, ತಾರೀಕಿಗೆ ಹಳೆಯ ಇಪ್ಪತ್ತರ ಪದ್ಧತಿ. ಅದರಲ್ಲಿ ಹದಿನೆಂಟು 'ದೈನೌ', ಎರಡು ಒಂಬತ್ತು. ಬ್ರೆಟನ್‌ನಲ್ಲಿ ಅದೇ ಹದಿನೆಂಟು ಮೂರು ಆರು. ಹತ್ತೊಂಬತ್ತು ವೆಲ್ಷ್‌ನಲ್ಲಿ ಹದಿನೈದರ ಮೇಲೆ ನಾಲ್ಕು. ಐವತ್ತು ಅರ್ಧ ನೂರು. ಪಟ್ಟಿಯಲ್ಲಿ ಒಂದು ಪದ್ಧತಿ ಮಾತ್ರ ಹಾಕಿದರೆ ಗಂಟೆ ಕೇಳುವಾಗ ಸಿಕ್ಕಿಬೀಳುತ್ತೀರಿ.

ಐರಿಶ್, ಗೇಲಿಕ್‌ಗಳಲ್ಲಿ ಜನರನ್ನು ಎಣಿಸಲು ಬೇರೆಯೇ ಸಂಖ್ಯೆ. ಇಬ್ಬರು, ಮೂವರು, ನಾಲ್ವರು, ಐವರು ಎನ್ನುವಂತೆ ಐರಿಶ್‌ನಲ್ಲಿ ಬೆರ್ತ್, ತ್ರೂರ್, ಕ್ಯಾಹ್ರರ್, ಕೂಗರ್. ನಾವು ಐವರಿಗೆ ನಿಲ್ಲಿಸಿ ಆರು ಜನ, ಏಳು ಜನ ಎನ್ನುತ್ತೇವೆ. ಅವರು ಹತ್ತರವರೆಗೂ ಹೋಗುತ್ತಾರೆ. ವೆಲ್ಷ್‌ನಲ್ಲಿ ಈ ಸೌಕರ್ಯ ಇಲ್ಲ.

ಮುಂಗಾರುಕೊಡೆ:
ಕ್ಯಾಹ್ರರ್, ನಾಲ್ವರು... ಆ ಕೊನೆಯ 'ಅರ್' ನಮ್ಮ 'ಅರು' ಅಲ್ಲ ತಾನೆ? ಕೇಳುವ ಮೊದಲೇ ಬೈಗುಳ ಕಾಣ್ತಿದೆ.

ಬೆಳ್ವೊಲ:
ಬೈಯುವುದಿಲ್ಲ. ಆದರೆ ಅಲ್ಲ. ಅದು ಮೇಲೆ ಬಂದ 'ಫ್ಯಾರ್', ಗಂಡಸು, ಸವೆದು ಉಳಿದ ತುಂಡು. ನಮ್ಮದು ಬಹುವಚನ ಪ್ರತ್ಯಯ.

ತೆಂಕಣಗಾಳಿ:
'ಹೌದು' ಎಂಬ ಪದಕ್ಕೆ ಪಟ್ಟಿಯಲ್ಲಿ ಖಾಲಿ ಜಾಗ ಬಿಡಬೇಡಿ, ತಪ್ಪಾಗಿ ತುಂಬಲೂಬೇಡಿ. ಐರಿಶ್‌ನಲ್ಲಿ ಅಂಥ ಪದ ಇಲ್ಲ. 'ಇದೆಯಾ?' 'ಇದೆ.' 'ಬಂದ್ಯಾ?' 'ಬಂದೆ.' ನಾವು ಎಷ್ಟೋ ಸಲ ಮಾಡುವಂತೆ ಕ್ರಿಯಾಪದವನ್ನೇ ತಿರುಗಿ ಹೇಳಬೇಕು: 'ತಾ' ಇದೆ, 'ನೀಲ್' ಇಲ್ಲ. 'ಹೊಂದಿರು' ಎಂಬ ಕ್ರಿಯಾಪದವೂ ಇಲ್ಲ. ಪುಸ್ತಕ ನನ್ನ ಹತ್ತಿರ ಇದೆ ಎಂದೇ ಹೇಳುವುದು. ಬ್ರೆಟನ್‌ನಲ್ಲಿ ಆ ಕ್ರಿಯಾಪದ ಬೆಳೆದಿದೆ. ಹಸಿವು, ನೆಗಡಿ ಐರಿಶ್‌ನಲ್ಲಿ ಮನುಷ್ಯನ ಮೇಲೆ ಕೂತಿರುತ್ತವೆ: 'ಹಸಿವು ನನ್ನ ಮೇಲಿದೆ'. ವೆಲ್ಷ್‌ನಲ್ಲೂ ನೆಗಡಿ ಮೇಲೆಯೇ. ಆದ್ದರಿಂದ ಕಾಯಿಲೆಯ ಪದ ಬರೆಯುವಾಗ ಯಾವ ಅವ್ಯಯದ ಜೊತೆ ಬರುತ್ತದೆ ಎಂಬುದನ್ನೂ ಪಕ್ಕದಲ್ಲಿ ಬರೆಯಿರಿ.

ಪದಸಂತೆ:
ಏಕವಚನದ ಬಗ್ಗೆ ಒಂದು ತಿದ್ದುಪಡಿ. ವೆಲ್ಷ್, ಬ್ರೆಟನ್‌ಗಳಲ್ಲಿ ಕೆಲವು ಪದಗಳಿಗೆ ಗುಂಪಿನ ರೂಪವೇ ಮೂಲ, ಒಂದನ್ನು ಹೇಳಲು ಬಾಲ ಹಚ್ಚಬೇಕು. ಮೋಖ್ ಹಂದಿಗಳು, ಮೋಖಿನ್ ಒಂದು ಹಂದಿ. ಕೋಯ್ದ್ ಮರಗಳು, ಕೋಯ್ದೆನ್ ಒಂದು ಮರ. ಮೇಲೆ ಬರೆದ ಪಸ್ಗೋದ್, ಪ್ಲಾಂತ್ ಎರಡೂ ಗುಂಪಿನ ರೂಪಗಳು. ಒಂದು ಮೀನಿಗೆ ಪಸ್ಗೋದಿನ್, ಒಂದು ಮಗುವಿಗೆ ಪ್ಲೆಂತಿನ್. ಐರಿಶ್‌ನ ಏಕವಚನದ ಪಕ್ಕ ಬಾಲ 'ಇನ್', 'ಎನ್' ಇರುವ ರೂಪ ಇಟ್ಟರೆ ಬೇರು ಮಸುಕಾಗುತ್ತದೆ. ಹೋಲಿಕೆಗೆ ಮೋಖ್, ಐರಿಶ್‌ನ 'ಮುಕ್' ಪಕ್ಕಪಕ್ಕ ಇಡಿ, ತಕ್ಷಣ ಕಾಣುತ್ತದೆ.

ಲಿಪಿಕಾರ:
ಕಾರ್ನಿಷ್, ಮ್ಯಾಂಕ್ಸ್ ಕಾಲಂಗೆ ಎಚ್ಚರಿಕೆ. ಡಾಲಿ ಪೆಂಟ್ರೀತ್ 1777ರಲ್ಲಿ ತೀರಿಕೊಂಡಾಗ ಕಾರ್ನಿಷ್ ಮನೆಮಾತಾಗಿ ಮುಗಿಯಿತು ಎಂಬುದು ರೂಢಿಯ ಮಾತು. ಮ್ಯಾಂಕ್ಸ್‌ನ ಕೊನೆಯ ಹುಟ್ಟುಮಾತುಗಾರ ನೆಡ್ ಮ್ಯಾಡ್ರೆಲ್ ತೀರಿಕೊಂಡದ್ದು 1974ರಲ್ಲಿ. ಈಗಿರುವುದು ಪುನರುಜ್ಜೀವನಗೊಂಡ ರೂಪ. ಹಳೆಯ ದಾಖಲೆಯಲ್ಲಿಲ್ಲದ ಪದವನ್ನು ಬ್ರೆಟನ್, ವೆಲ್ಷ್ ನೋಡಿ ಕಟ್ಟಿಕೊಂಡದ್ದೂ ಇದೆ. ಅಂಥದ್ದನ್ನು 'ಮೂರು ಭಾಷೆಯಲ್ಲೂ ಒಂದೇ ಪದ' ಎಂದು ಎಣಿಸಿದರೆ ಒಂದೇ ಸಾಕ್ಷಿಯನ್ನು ಎರಡು ಸಲ ಎಣಿಸಿದಂತೆ. ಕಾರ್ನಿಷ್‌ಗೆ ಹಲವು ಬರಹಕ್ರಮಗಳಿದ್ದವು, 2008ರಲ್ಲಿ ಒಂದು ಪ್ರಮಾಣ ಲಿಪಿರೂಪಕ್ಕೆ ಒಪ್ಪಿಗೆ ಆಯಿತು. ಪಟ್ಟಿಯಲ್ಲಿ ಅದನ್ನೇ ಬಳಸಿ. ಕಾರ್ನಿಷ್ ಇನ್ನೂ ಬಾಯಲ್ಲಿದ್ದಾಗಿನ ಸಾಕ್ಷಿ ಬೇಕಿದ್ದರೆ ಎಡ್ವರ್ಡ್ ಲ್ಯುಯ್ಡ್ 1707ರಲ್ಲಿ ಅಚ್ಚುಮಾಡಿದ ಹೋಲಿಕೆಯ ಗ್ರಂಥ ಇದೆ.

ಮ್ಯಾಂಕ್ಸ್ ಬರಹ ಮಾತ್ರ ಇಂಗ್ಲಿಷ್ ಕಿವಿಯದು. ಕಣ್ಣಿಂದ ಹೋಲಿಸಿದರೆ ಐರಿಶ್‌ಗೆ ಸಂಬಂಧವೇ ಇಲ್ಲ ಎನಿಸುತ್ತದೆ, ಜೋರಾಗಿ ಓದಿದರೆ ಗುಟ್ಟು ಬಯಲು. ಬ್ರೆಟನ್‌ನ 'ಝಡ್-ಹೆಚ್' ಜೋಡಿಯೂ ಹಾಗೇ: ಹೆಚ್ಚಿನ ಕಡೆ ಸ ಅಥವಾ ಝ, ವಾನ್ ಸೀಮೆಯಲ್ಲಿ ಹ, ಎರಡೂ ಕಡೆಯವರಿಗೆ ಒಂದೇ ಬರಹ.

ಮುಂಗಾರುಕೊಡೆ:
ಕೊನೆಯ ಪ್ರಶ್ನೆ. 'ಹಾಲು', 'ಈಗ' ಎಂಬ ಪದಗಳಿಗೆ ವೆಲ್ಷ್‌ನಲ್ಲಿ ಎರಡೆರಡು ಪದ ಸಿಗುತ್ತಿವೆ. ಯಾವುದನ್ನು ಇಡಲಿ?

ಪದಸಂತೆ:
ಎರಡನ್ನೂ ಇಟ್ಟು ಉತ್ತರ, ದಕ್ಷಿಣ ಎಂದು ಗುರುತು ಹಾಕಿ. ಹಾಲು ಉತ್ತರದಲ್ಲಿ ಲ್ಹೆವ್ರಿಥ್, ದಕ್ಷಿಣದಲ್ಲಿ ಲ್ಹಾಯ್ಥ್. ಅಜ್ಜಿ ಉತ್ತರದಲ್ಲಿ ನಾಯ್ನ್, ದಕ್ಷಿಣದಲ್ಲಿ ಮಾಮ್‌ಗೀ. ಬ್ರೆಟನ್‌ನ 'ಲೇಸ್' ಪಕ್ಕ ಇಡಬೇಕಾದದ್ದು ಲ್ಹಾಯ್ಥ್, ಎರಡೂ ಲ್ಯಾಟಿನ್ನಿನ ಹಾಲು. ಐರಿಶ್‌ನ 'ಬಾನ್ಯೆ' ಆ ಸಾಲಿಗೆ ಸೇರುವುದಿಲ್ಲ. 'ಈಗ' ಎಂಬುದಕ್ಕೆ ಉತ್ತರದವರು 'ರೂಅನ್', ದಕ್ಷಿಣದವರು 'ನೌರ್'. ವೆಲ್ಷ್ ಬರಹದಲ್ಲಿ ಒಂದರ ಅಕ್ಷರಗಳನ್ನು ಹಿಂದುಮುಂದು ಓದಿದರೆ ಇನ್ನೊಂದು ಬರುತ್ತದೆ. ಅದು ಬರೀ ಕಾಕತಾಳೀಯ, ಎರಡರೊಳಗೂ 'ಗಂಟೆ' ಎಂಬ ಅರ್ಥದ 'ಔರ್' ಅಡಗಿದೆ. ವೇಲ್ಸ್ ವಿಶ್ವವಿದ್ಯಾಲಯದ ಚಾರಿತ್ರಿಕ ನಿಘಂಟು ಅಂತರ್ಜಾಲದಲ್ಲಿ ಉಚಿತವಾಗಿ ಸಿಗುತ್ತದೆ, ಪದದ ಬೇರೂ ಹಳೆಯ ಬಳಕೆಗಳೂ ಅಲ್ಲೇ ಇವೆ. 'ಔರ್' ತೆಗೆದು ನೋಡಿ, ಅದೂ ಲ್ಯಾಟಿನ್ನಿನ ಕಡವೇ.